ಅಗೆದ ಕೈ, ಬರೆದ ಕೈ

ಒಬ್ಬನೇ ಚಿತ್ರಗಾರನ ಹೆಸರಿನಲ್ಲಿ ಕಟ್ಟಿದ ಮನೆಯೊಂದು ಆಮ್‌ಸ್ಟರ್‌ಡಾಮಿನಲ್ಲಿದೆ. 1973ರಲ್ಲಿ ಬಾಗಿಲು ತೆರೆದ ವ್ಯಾನ್ ಗೋ ಮ್ಯೂಸಿಯಂ. 200ಕ್ಕೂ ಹೆಚ್ಚು ವರ್ಣಚಿತ್ರ, ಸುಮಾರು 500 ರೇಖಾಚಿತ್ರ, 700ಕ್ಕೂ ಹೆಚ್ಚು ಕಾಗದಗಳು ಅಲ್ಲಿವೆ. ಬದುಕಿದ್ದಾಗ ತಮ್ಮ ಥಿಯೋ ಕಳಿಸಿದ ದುಡ್ಡಲ್ಲೇ ರೊಟ್ಟಿಯನ್ನೂ ಬಣ್ಣವನ್ನೂ ಕೊಂಡವನು ಈತ.

ಅಲ್ಲಿಗೆ ಹೋಗಿಬರುವ ದುಡ್ಡು ನಮ್ಮಂಥವರ ಜೇಬಲ್ಲಿಲ್ಲ. 'ಆಲೂಗಡ್ಡೆ ತಿನ್ನುವವರು' ಚಿತ್ರವನ್ನು ಪುಸ್ತಕದ ಅಚ್ಚಿನಲ್ಲೇ ನೋಡಿದ್ದೇವೆ. 1885ರಲ್ಲಿ ನ್ಯೂನೆನ್ ಎಂಬ ಹಳ್ಳಿಯಲ್ಲಿ ಬರೆದದ್ದು. ಒಂದು ದೀಪ, ಐದು ಜನ, ಒಂದೇ ತಟ್ಟೆ. ಇಡೀ ಚಿತ್ರಕ್ಕೆ ಸಿಪ್ಪೆ ಸುಲಿಯದ, ಮಣ್ಣು ಮೆತ್ತಿದ ಆಲೂಗಡ್ಡೆಯ ಬಣ್ಣ. ತಟ್ಟೆಗೆ ಹಾಕಿದ ಕೈಗಳೇ ನೆಲ ಅಗೆದ ಕೈಗಳು ಅನ್ನೋದು ಕಾಣಬೇಕು ಅಂತ ಅವನ ಹಟ. ಚಂದ ಮಾಡಲಿಲ್ಲ. ಕರುಣೆಯನ್ನೂ ಬಳಿಯಲಿಲ್ಲ. ನಮಗೆ ಹಿಡಿಸಿದ್ದು ಇದೇ.

ಆದರೆ ಗೆಳೆಯರೇ, ಅಗೆದವರು ಯಾರು? ಅವರಲ್ಲೊಬ್ಬಳು ಗೋರ್ಡಿನಾ ಡೆ ಗ್ರೋಟ್. ಅವಳು ಬಸುರಾದಾಗ ಊರಿನ ಗುಮಾನಿ ಚಿತ್ರಗಾರನ ಮೇಲೆ ಬಿತ್ತು. ಅವನು ಅಲ್ಲಗಳೆದ. ಕ್ಯಾಥೊಲಿಕ್ ಪಾದ್ರಿ ಮಾತ್ರ, ಅವನ ಮುಂದೆ ಯಾರೂ ಕೂರಬೇಡಿ ಅಂದ. ಕೂರದಿದ್ದರೆ ದುಡ್ಡು ಕೊಡ್ತೀನಿ ಅಂತಲೂ ಅಂದನಂತೆ. ನಿನ್ನ ಹತ್ತಿರ ಬೇಡೋದಕ್ಕಿಂತ ಅವನ ಹತ್ತಿರ ದುಡಿದು ತಗೊಳ್ಳೋದೇ ಮೇಲು ಅಂತ ಜನ ಉತ್ತರ ಕೊಟ್ಟರು ಎಂದು ವ್ಯಾನ್ ಗೋ ತಮ್ಮನಿಗೆ ಬರೆದಿದ್ದಾನೆ. ಸುಮ್ಮನೆ ಕೂತ ಮಾದರಿಗಳಲ್ಲ ಅವರು. ಬಾಯಿದ್ದ ಜನ.

1890ರಲ್ಲಿ ವ್ಯಾನ್ ಗೋ ಸತ್ತ. ಆರು ತಿಂಗಳಿಗೆ ಥಿಯೋ ಸತ್ತ. ಥಿಯೋನ ಹೆಂಡತಿ ಯೋಗೆ ಆಗ 28 ವರ್ಷ, ಕಂಕುಳಲ್ಲಿ ಕೂಸು. ಯಾರೂ ಕೇಳದ ಆ ಚಿತ್ರಗಳ ರಾಶಿಯನ್ನು ಕಾಪಾಡಿದವಳು, ಊರೂರಲ್ಲಿ ಪ್ರದರ್ಶನಕ್ಕಿಟ್ಟವಳು, 1914ರಲ್ಲಿ ಕಾಗದಗಳನ್ನು ಅಚ್ಚು ಹಾಕಿಸಿದವಳು ಅವಳು. ಆ ಕೂಸು ದೊಡ್ಡವನಾಗಿ, 1960ರಲ್ಲಿ ಪ್ರತಿಷ್ಠಾನ ಕಟ್ಟಿದ ಮೇಲೇ ಮ್ಯೂಸಿಯಮ್ಮಿಗೆ ದಾರಿಯಾದದ್ದು.

ಬಾಗಿಲ ಮೇಲೆ ಒಂದೇ ಹೆಸರು. ಒಳಗೆ ಎಷ್ಟು ಜನರ ದುಡಿಮೆ! ಅವನ ಹೆಸರು ಅಳಿಸಿ ಅಂತ ನಾವು ಹೇಳೋದಿಲ್ಲ. ಉಳಿದ ಹೆಸರುಗಳನ್ನೂ ಕೂಗಿ ಅಂತೀವಿ.

ಹಳ್ಳಿಯ ಮೇಷ್ಟ್ರುಗಳೇ, ಮಕ್ಕಳಿಗೆ ಈ ಚಿತ್ರ ತೋರಿಸಿದರೆ ಕಿವಿ ಕೊಯ್ದುಕೊಂಡ ಕತೆ ಆಮೇಲೆ ಹೇಳಿ. ಮೊದಲು ಆ ಕೈಗಳನ್ನು ತೋರಿಸಿ. ಇವು ಯಾರ ಕೈ ಅಂತ ಕೇಳಿ. ಮಕ್ಕಳಿಗೆ ಗೊತ್ತಿರುತ್ತದೆ.