ಮರಿ ಕೊಡದ ಮನೆ

ಮರಿ ಕೈಗೆ ಬಂದದ್ದು ಪುಣೆ–ಸೋಲಾಪುರ ಹೆದ್ದಾರಿಯ ಬದಿಯಲ್ಲಿ, ಒಂದು ಪೆಟ್ರೋಲ್ ಬಂಕಿನ ಹಿಂದೆ. ಫಾರ್ಮ್ ಬಹಳ ದೂರ, ನಿಮಗೇಕೆ ತೊಂದರೆ, ಅರ್ಧ ದಾರಿಗೆ ನಾವೇ ಬರುತ್ತೇವೆ ಎಂದು ಮಾರುವವನು ಫೋನಿನಲ್ಲಿ ಹಿಂದಿಯಲ್ಲಿ ಹೇಳಿದ್ದ. ಅದನ್ನು ಅವಳು ಸೌಜನ್ಯ ಅಂದುಕೊಂಡಿದ್ದಳು. ಬೈಕಿನಲ್ಲಿ ಬಂದ ಹುಡುಗ ರಟ್ಟಿನ ಡಬ್ಬಿ ತೆರೆದ. ಒಳಗೆ ತಿಳಿಹಳದಿ ಬಣ್ಣದ ಲ್ಯಾಬ್ರಡಾರ್ ಮರಿ, ಮುಷ್ಟಿಯಷ್ಟು ತಲೆ. ಮೂರನೇ ಇಯತ್ತೆಯ ಮಗ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಆ ಮುಖದ ಎದುರು ಯಾವ ತಾಯಿ ಪ್ರಶ್ನೆ ಕೇಳಿಯಾಳು? 18,000 ರೂಪಾಯಿ ಫೋನಿನಲ್ಲೇ ಹೋಯಿತು. ವಯಸ್ಸು 45 ದಿನ ಎಂದರು. ಒಂದು ಲಸಿಕೆ ಕಾರ್ಡೂ ಸಿಕ್ಕಿತು. ಅದು ಶನಿವಾರ.

ಮಂಗಳವಾರ ಮರಿ ಹಾಲು ಬಿಟ್ಟಿತು. ರಾತ್ರಿ ವಾಂತಿ, ಬೆಳಗಿನ ಹೊತ್ತಿಗೆ ರಕ್ತ ಬೆರೆತ ಭೇದಿ. ಕೋಥ್ರೂಡಿನ ಪಶುವೈದ್ಯರು ಪರೀಕ್ಷೆಯ ಪಟ್ಟಿಯ ಮೇಲೆ ಎರಡನೇ ಗೆರೆ ಮೂಡುವುದನ್ನು ತೋರಿಸಿ, ಪಾರ್ವೋ ಎಂದರು. ಸಲೈನ್ ಹಚ್ಚಿದರು. ಗುರುವಾರ ಮಧ್ಯಾಹ್ನ ಮಗ ಶಾಲೆಯಲ್ಲಿದ್ದಾಗ ಮರಿ ಹೋಯಿತು. ಇನ್ನೂ ಹೆಸರಿಟ್ಟಿರಲಿಲ್ಲ. ಎರಡು ಹೆಸರುಗಳ ನಡುವೆ ಮನೆಯಲ್ಲಿ ಜಗಳ ನಡೆದಿತ್ತು.

ವೈದ್ಯರು ಬೈಯಲಿಲ್ಲ. ಸತ್ತ ಮರಿಯ ತುಟಿ ಸರಿಸಿ, ದವಡೆ ಹಲ್ಲುಗಳು ಇನ್ನೂ ಸರಿಯಾಗಿ ಹೊರಬಂದಿಲ್ಲ, ಐದು ವಾರ ದಾಟಿರಲಿಕ್ಕಿಲ್ಲ ಎಂದರು. ಆಮೇಲೆ ಕಾರ್ಡು ಕೇಳಿದರು. ನಿಜವಾದ ಕಾರ್ಡಿನಲ್ಲಿ ಲಸಿಕೆಯ ಸೀಸೆಯಿಂದ ಕಿತ್ತು ಅಂಟಿಸಿದ ಚೀಟಿ ಇರುತ್ತದೆ, ಅದರ ಮೇಲೆ ಬ್ಯಾಚ್ ಸಂಖ್ಯೆ, ಪಕ್ಕದಲ್ಲಿ ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ. ಇದರಲ್ಲಿ ನೀಲಿ ಪೆನ್ನಿನ ಒಂದು ಸರಿ ಗುರುತು, ಒಂದು ತಾರೀಖು, ಅಷ್ಟೇ. ಮಾರಿದವನ 45 ದಿನದ ಲೆಕ್ಕವನ್ನೇ ನಂಬಿದರೂ ಆ ತಾರೀಖಿಗೆ ಮರಿಗೆ 19 ದಿನ. ಪಾರ್ವೋ ಲಸಿಕೆ ಶುರುವಾಗುವುದೇ ಆರರಿಂದ ಎಂಟು ವಾರಕ್ಕೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆ ಪೂರ್ತಿ ನಾಟದೇ ಹೋಗಬಹುದು. ಅದಕ್ಕಾಗಿಯೇ ಹದಿನಾರು ವಾರದವರೆಗೆ ಮತ್ತೆ ಮತ್ತೆ ಕೊಡುತ್ತಾರೆ. ರೋಗಾಣು ಹೊಕ್ಕ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಮೂರರಿಂದ ಏಳು ದಿನ. ಅಂದರೆ ಮರಿ ಡಬ್ಬಿಯಲ್ಲಿ ಕೂತು ಬರುವಾಗಲೇ ರೋಗ ಒಳಗಿದ್ದಿರಬೇಕು.

ಆ ರಾತ್ರಿ ಅವಳು ಮಾರಿದವನಿಗೆ ಫೋನ್ ಮಾಡಿದಳು. ನಂಬರು ಬಂದಾಗಿತ್ತು.

ಇಷ್ಟಾದ ಮೇಲೆ ಅವಳು ಓದಿದಳು. ಮೊದಲೇ ಓದಬೇಕಿತ್ತು ಎಂದು ಗಂಡ ಹೇಳಲಿಲ್ಲ, ಪುಣ್ಯ. ನಾಯಿ ಸಾಕಿ ಮಾರುವವರಿಗೆಂದೇ 2017ರಿಂದ ಕೇಂದ್ರದ ನಿಯಮಗಳಿವೆ. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಇರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ಹೆಣ್ಣು ನಾಯಿಗೆ ಹದಿನೆಂಟು ತಿಂಗಳಾಗುವ ಮೊದಲು ಸೂಲು ಕಟ್ಟಿಸುವ ಹಾಗಿಲ್ಲ, ಇಡೀ ಆಯುಷ್ಯದಲ್ಲಿ ಐದು ಸೂಲಿಗಿಂತ ಹೆಚ್ಚು ಕೂಡದು. ಓದುತ್ತ ಓದುತ್ತ ಅವಳ ಮನಸ್ಸು ಮರಿಯನ್ನು ಬಿಟ್ಟು ಅದರ ತಾಯಿಯ ಕಡೆ ಹೋಯಿತು. ಆ ತಾಯಿಯನ್ನು ಯಾರೂ ತೋರಿಸಿರಲಿಲ್ಲ, ಇವಳೂ ಕೇಳಿರಲಿಲ್ಲ. ಎಲ್ಲೋ ಒಂದು ತಗಡಿನ ಶೆಡ್ಡಿನಲ್ಲಿ ಜೋತುಬಿದ್ದ ಕೆಚ್ಚಲಿನ ನಾಯಿಯೊಂದು ಮುಂದಿನ ಸೂಲಿಗೆ ಕಾಯುತ್ತಿರಬಹುದು. ಪೆಟ್ರೋಲ್ ಬಂಕಿನವರೆಗೆ ಮರಿ ತಂದುಕೊಡುವ ಸೌಜನ್ಯ ಇದ್ದದ್ದು ಆ ಶೆಡ್ಡು ಯಾರ ಕಣ್ಣಿಗೂ ಬೀಳದಿರಲಿ ಎಂದೇ.

ಒಬ್ಬ ಸಹೋದ್ಯೋಗಿಯ ಮೂಲಕ ಲ್ಯಾಬ್ರಡಾರ್ ಸಾಕುವ ಇನ್ನೊಬ್ಬ ಮಹಿಳೆಯ ಪರಿಚಯವಾಯಿತು. ಒಂದೇ ತಳಿ, ವರ್ಷಕ್ಕೆ ಒಂದು ಸೂಲು, ಅದೂ ಎಲ್ಲ ವರ್ಷ ಅಲ್ಲ. ಕೇಳುವ ಮೊದಲೇ ತಂದೆತಾಯಿ ನಾಯಿಗಳ ಸೊಂಟದ ಎಕ್ಸ್‌ರೇ ಕಳಿಸಿದರು. ಲ್ಯಾಬ್ರಡಾರ್‌ಗಳಲ್ಲಿ ಸೊಂಟದ ಕೀಲಿನ ತೊಂದರೆ ವಂಶದಲ್ಲಿ ಇಳಿಯುತ್ತದೆ. ಕೆನಲ್ ಕ್ಲಬ್ಬಿನ ಕಾಗದ ಹೇಳುವುದು ಮರಿ ಯಾರ ಮಗ ಎಂಬುದನ್ನು ಮಾತ್ರ, ಅದರ ಆರೋಗ್ಯವನ್ನಲ್ಲ ಎಂದು ಅವರೇ ವಿವರಿಸಿದರು. ಪಾರ್ವೋ ಸಂಗತಿ ಕೇಳಿದ ಕೂಡಲೇ ಮಾತು ನಿಲ್ಲಿಸಿ, ನಿಮ್ಮ ಮನೆಗೆ ಈ ವರ್ಷ ನಾನು ಮರಿ ಕೊಡುವುದಿಲ್ಲ ಎಂದುಬಿಟ್ಟರು. ಆ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಸಾಮಾನ್ಯ ಫಿನಾಯಿಲಿಗೆ ಜಗ್ಗುವುದಿಲ್ಲ, ಬ್ಲೀಚ್ ಹಾಕಿ ತೊಳೆಯಿರಿ ಎಂದು ಅಳತೆಯನ್ನೂ ಹೇಳಿದರು. ಮುಂಗಡ ಕೊಟ್ಟಿರುತ್ತೇನೆ ಎಂದರೆ ಅದೂ ಬೇಡ.

ದೀಪಾವಳಿಗೆ ತವರಿಗೆ, ಜಮಖಂಡಿಗೆ ಹೋದಾಗ ತಮ್ಮ ಹೇಳಿದ, "ಮುಧೋಳ ಇಲ್ಲೇ ಐತಲ್ಲಕ್ಕಾ, ನಮ್ಮ ಕಡೀ ನಾಯಿ ಬಿಟ್ಟು ಲ್ಯಾಬ್ ಯಾಕ?" ಮುಧೋಳ ನಾಯಿಗೆ ಈಗ ದೇಶದಲ್ಲೆಲ್ಲ ಹೆಸರು. 2005ರಲ್ಲಿ ಅಂಚೆಚೀಟಿ ಬಂತು. 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೆಸರು ತೆಗೆದರು. ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಆದರೆ ತಮ್ಮ ಕರೆದೊಯ್ದದ್ದು ಪರಿಚಯದ ಒಬ್ಬ ರೈತನ ತೋಟಕ್ಕೆ.

ಮರಿಗಳು ಕಬ್ಬಿನ ರವದಿಯ ಮೇಲೆ ಉರುಳಾಡುತ್ತಿದ್ದವು. ತಾಯಿ, ಉದ್ದ ಮೂತಿಯ, ಬಿಲ್ಲಿನಂಥ ಬೆನ್ನಿನ ನಾಯಿ, ಹತ್ತು ಮಾರು ದೂರದಲ್ಲಿ ನಿಂತು ಬಂದವರನ್ನು ಅಳೆಯುತ್ತಿತ್ತು. ಮುದುಕ ಚಹಾ ಕೊಡಿಸಿದ. ಬೆಲೆ ಮಾತು ಎತ್ತಲೇ ಇಲ್ಲ.

"ಪುಣಾದಾಗ ಎಷ್ಟನೇ ಮಾಳಿಗಿ ನಿಮ್ದು?"

"ನಾಲ್ಕನೇದು ರೀ."

"ಹಗಲೊತ್ತು ಮನ್ಯಾಗ ಯಾರಿರ್ತಾರ?"

"ನಮ್ಮತ್ತಿ ಇರ್ತಾರ. ಎಪ್ಪತ್ತೆರಡು ಅವರಿಗೆ."

ಮುದುಕ ಬಾಯಿ ಒರೆಸಿಕೊಂಡು ನಕ್ಕ. "ಇದು ಓಡೂ ನಾಯಿ, ತಂಗಿ. ಕಣ್ಣಿಗೆ ಒಂದು ಬೆಕ್ಕು ಬಿತ್ತಂದ್ರ ನಿಮ್ಮತ್ತಿ ಹಗ್ಗಾ ಹಿಡಕೊಂಡು ರಸ್ತಾಕ ಬೀಳ್ತಾರ. ಹೊಲ ಇದ್ದವರಿಗೆ ಕೊಡ್ತೀನಿ. ನಿಮಗ ಒಲ್ಲೆ. ಸಿಟ್ಟಾಗಬ್ಯಾಡ್ರಿ."

ರೇಡಿಯೋದಲ್ಲಿ ಹೆಸರು ಬಂದ ವರ್ಷ ಬೆಂಗಳೂರು, ಹೈದರಾಬಾದಿನಿಂದ ಕಾರು ತಗೊಂಡು ಬಂದವರಿಗೆ ಇಬ್ಬರಿಗೆ ಮರಿ ಕೊಟ್ಟಿದ್ದನಂತೆ. ಒಂದನ್ನು ವರ್ಷದೊಳಗೆ ಗೇಟಿಗೆ ಕಟ್ಟಿ ಹುಚ್ಚು ಹಿಡಿಸಿದರು ಎಂದು ಗೊತ್ತಾಗಿ, ತಾನೇ ಬಸ್ಸು ಹತ್ತಿ ಹೋಗಿ ವಾಪಸು ತಂದ. ಅದು ಅಲ್ಲೇ, ಗೋದಲಿಯ ಪಕ್ಕ ಮಲಗಿತ್ತು. ಹೊಸಬರನ್ನು ಕಂಡು ತಲೆ ಎತ್ತಲಿಲ್ಲ.

ಈ ಮುದುಕನ ಹತ್ತಿರ ನೋಂದಣಿ ಇಲ್ಲ, ಮೈಕ್ರೋಚಿಪ್ ಇಲ್ಲ, ಯಾವ ನಾಯಿಗೆ ಯಾವ ನಾಯಿ ಎಂಬ ಲೆಕ್ಕ ತಲೆಯಲ್ಲಿ ಮಾತ್ರ. ಕಾನೂನಿನ ಪುಸ್ತಕ ತೆರೆದು ಕೂತರೆ ಇವನೂ ಪೆಟ್ರೋಲ್ ಬಂಕಿನವನೂ ಒಂದೇ ಸಾಲಿಗೆ ಬರುತ್ತಾರೆ. ನೋಂದಣಿ ಮಾಡಿಸಬಾರದೇನ್ರಿ ಎಂದು ಅವಳು ಕೇಳಿದ್ದಕ್ಕೆ, ಮಗ ಮಾಡಸ್ತೀನಿ ಅಂತಾನ, ನೋಡೂಣು ಎಂದ. ಕಾಗದ ಬೇಡವೆಂದಲ್ಲ, ಖಂಡಿತ ಬೇಕು. ಆದರೆ ಕಾಗದವಿದ್ದೂ ಶೆಡ್ಡು ತೋರಿಸದವರು ಇರಬಹುದು ಎಂಬುದು ಅವಳಿಗೆ ಆ ತೋಟದಲ್ಲಿ ಹೊಳೆಯಿತು. ಹೊರಡುವಾಗ ಮುದುಕ ತಮ್ಮನಿಂದ ಅವಳ ನಂಬರು ಬರೆಸಿಕೊಂಡ.

ಕೊನೆಗೆ ಉಳಿದದ್ದು ದತ್ತು. ಪೂರ್ತಿ ಲಸಿಕೆಯಾದ, ದೊಡ್ಡ ನಾಯಿಗೆ ಮನೆಯ ನೆಲದಿಂದ ಅಷ್ಟು ಭಯವಿಲ್ಲ ಎಂದು ವೈದ್ಯರೂ ಹೇಳಿದ್ದರು. ಮಾರುವವರು ಮೋಸ ಮಾಡುತ್ತಾರೆ, ರಕ್ಷಿಸುವವರು ಮಾಡುವುದಿಲ್ಲ ಎಂಬ ನಂಬಿಕೆ ಅವಳಲ್ಲಿ ಇನ್ನೂ ಇತ್ತು. ಅದು ಒಂದು ವಾರ ಉಳಿಯಿತು. ಇನ್‌ಸ್ಟಾಗ್ರಾಮಿನ ಒಂದು ಖಾತೆಯಲ್ಲಿ ದಿನಕ್ಕೊಂದು ಕರುಳು ಕಿವುಚುವ ವಿಡಿಯೋ, ಕೆಳಗೆ ಯಾರದೋ ಸ್ವಂತ ಖಾತೆಯ ಕ್ಯೂಆರ್ ಕೋಡ್. ಅದೇ ಕುಂಟು ನಾಯಿ ಜೂನ್‌ನಲ್ಲಿ ಒಂದು ಹೆಸರಿನಿಂದ, ಸೆಪ್ಟೆಂಬರ್‌ನಲ್ಲಿ ಇನ್ನೊಂದು ಹೆಸರಿನಿಂದ ಆಪರೇಷನ್ನಿಗೆ ಹಣ ಬೇಡುತ್ತಿತ್ತು. ಆಸ್ಪತ್ರೆಯ ಬಿಲ್ಲು ಕೇಳಿದರೆ ಉತ್ತರವಿಲ್ಲ. ಇನ್ನೊಂದು ಕಡೆ ಲ್ಯಾಬ್ ಮರಿ ಉಚಿತ ದತ್ತುವಿಗೆ, ಸಾಗಣೆ ವೆಚ್ಚ 6,000 ಮಾತ್ರ, ಇವತ್ತೇ ಕಳಿಸಿ, ಇಲ್ಲದಿದ್ದರೆ ರಾತ್ರಿ ಬೀದಿಗೆ ಬೀಳುತ್ತದೆ ಎಂದರು. ಆ ಅವಸರದ ದನಿಯನ್ನು ಅವಳು ಮೊದಲೂ ಕೇಳಿದ್ದಳು.

ವಿಳಾಸ ಹೇಳದಿರುವುದೊಂದೇ ಅಪರಾಧವಲ್ಲ ಎಂಬುದೂ ತಿಳಿಯಿತು. ಒಳ್ಳೆಯ ಆಶ್ರಯಗಳೂ ವಿಳಾಸ ಬಚ್ಚಿಡುತ್ತವೆ, ಬೆಳಗಾದರೆ ಗೇಟಿಗೆ ಯಾರೋ ಮರಿಗಳ ಚೀಲ ಕಟ್ಟಿ ಹೋಗಿರುತ್ತಾರೆ. ಆದರೆ ನಾಲ್ಕು ಮಾತಾದ ಮೇಲೆ ಬನ್ನಿ, ನೋಡಿ ಎನ್ನುತ್ತಾರೆ.

ಹಾಗೆ ಬನ್ನಿ ಎಂದವರು ಧಾಯರಿಯ ಬಾಡಿಗೆ ಮನೆಯಲ್ಲಿ ಆರು ನಾಯಿಗಳ ಜೊತೆ ಇದ್ದ ಒಬ್ಬ ನಿವೃತ್ತ ಶಿಕ್ಷಕಿ. ಅವಳು ಇಷ್ಟಪಟ್ಟದ್ದು ಮೂರು ವರ್ಷದ ಕಂದು ಬೀದಿನಾಯಿ. ಸಂತಾನಹರಣವಾದ ಗುರುತಿಗೆ ಕಿವಿಯ ತುದಿ ಕತ್ತರಿಸಿತ್ತು. ಶಿಕ್ಷಕಿ ಅದರ ಗುಣಗಳನ್ನು ಹೇಳುವ ಮೊದಲು ದೋಷಗಳನ್ನು ಹೇಳಿದರು. ಕಸಬರಿಗೆ ಎತ್ತಿದರೆ ಮಂಚದಡಿ ಸೇರುತ್ತದೆ. ಒಮ್ಮೆ ಉಣ್ಣೆಜ್ವರ ಬಂದಿತ್ತು, ರಕ್ತ ಪರೀಕ್ಷೆಯ ವರದಿ ಇಲ್ಲಿದೆ, ಮತ್ತೆ ಬರಬಹುದು. ಊಟದ ತಟ್ಟೆಯ ಹತ್ತಿರ ಮಗು ಕೈ ಹಾಕಬಾರದು. ಆಮೇಲೆ ಮನೆ ನೋಡಲು ಬಂದರು. ಬಾಲ್ಕನಿಯ ಸರಳುಗಳ ನಡುವೆ ಗೇಣು ಹಾಕಿ ಅಳೆದರು. ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು, ಮಗಸೊಸೆಗಾಗಿ ಹೂಂ ಅನ್ನಬೇಡಿ, ನಿಮಗೆ ನಾಯಿ ಬೇಕೋ ಬೇಡವೋ ಹೇಳಿ ಎಂದರು. ಅತ್ತೆ ಯೋಚಿಸಿ ಹೇಳಿದ ಉತ್ತರ, ಅಡುಗೆಮನೆಯೊಳಗೆ ಬೇಡ. ಅದನ್ನೂ ಒಪ್ಪಿಗೆ ಪತ್ರದಲ್ಲಿ ಬರೆದುಕೊಂಡರು. ಸಾಕಲಾಗದಿದ್ದರೆ ಬೇರೆ ಯಾರಿಗೂ ಕೊಡದೆ ತಮಗೇ ಮರಳಿಸಬೇಕು ಎಂಬ ಸಾಲಿನ ಕೆಳಗೆ ಗಂಡ ಹೆಂಡತಿ ಇಬ್ಬರ ಸಹಿ ಬೇಕಿತ್ತು. ಹಣ ಕೇಳಲಿಲ್ಲ, ಲಸಿಕೆಯ ಖರ್ಚು ಕೊಡುತ್ತೇವೆ ಎಂದರೆ ಆಸ್ಪತ್ರೆಯ ಬಾಕಿಗೆ ನೇರ ಕಟ್ಟಿ ಎಂದರು.

ನಾಯಿ ಬಂದದ್ದು ಜನವರಿಯಲ್ಲಿ. ಈ ಸಲ ಹೆಸರಿನ ಜಗಳವಿರಲಿಲ್ಲ, ಅದು ತನ್ನ ಹೆಸರಿನೊಂದಿಗೇ ಬಂದಿತ್ತು. ಮೂರು ದಿನ ಬಾಗಿಲ ಹತ್ತಿರವೇ ಮಲಗಿತು. ಮಗ ಮಾರು ದೂರದಲ್ಲಿ ಚಾಪೆ ಹಾಸಿಕೊಂಡು ಹೋಂವರ್ಕ್ ಮಾಡಿದ, ಮುಟ್ಟಲಿಲ್ಲ. ಅದು ವಾಂತಿ ಮಾಡಿತಾ ಎಂದು ಶಾಲೆಯಿಂದ ಬಂದ ಕೂಡಲೇ ಅಜ್ಜಿಯನ್ನು ಕೇಳುವುದನ್ನು ಮಾತ್ರ ಬಿಡಲಿಲ್ಲ. ಶಿಕ್ಷಕಿ ಮೂರನೇ ದಿನ, ಹತ್ತನೇ ದಿನ, ತಿಂಗಳಿಗೆ ಫೋನ್ ಮಾಡಿದರು.

ಫೆಬ್ರುವರಿಯ ಒಂದು ಸಂಜೆ ಮುಧೋಳದಿಂದಲೂ ಫೋನ್ ಬಂತು. ನಾಯಿ ತಂದಿರೇನು ಎಂದು ಮುದುಕ ಕೇಳಿದ. ತಂದೆವ್ರಿ, ಬೀದಿನಾಯಿ ಎಂದಳು ಅವಳು, ಸ್ವಲ್ಪ ಸಂಕೋಚದಿಂದಲೇ.

"ಉಣ್ತೈತಿಲ್ಲೋ?"

"ಉಣ್ತೈತ್ರಿ. ಅತ್ತಿ ಕೈಲೆ ಹಾಕಿದರ ಇನ್ನೂ ಛಲೋ ಉಣ್ತೈತಿ."

"ಹಾಂ," ಎಂದ ಮುದುಕ, "ರೊಟ್ಟಿ ಹಾಲಾಗ ನೆನಸಿ ಹಾಕಂತ ಹೇಳ್ರಿ ಅವರಿಗೆ."