ದಿಂಬಂ ಇಳಿದು ಪರಂಗಿಮಲೆಗೆ

ಸೀಟಿ! ಕಣ್ಣು ಬಿಡುವ ಮೊದಲೇ ಕಾಲು ನೆಲ ಮುಟ್ಟಿರಬೇಕು. ಕಿಟಕಿಯಾಚೆ ಇನ್ನೂ ಕಗ್ಗತ್ತಲು. ಕೈಗೆ ಸಿಕ್ಕ ಕಾಲುಚೀಲ ನಿನ್ನದೋ ಪಕ್ಕದವನದೋ ನೋಡಲು ಹೊತ್ತಿಲ್ಲ. ಮೂರು ನಿಮಿಷದಲ್ಲಿ ಪಿ.ಟಿ. ಉಡುಪಿನಲ್ಲಿ ಅಂಗಳಕ್ಕೆ ಬಾ ಎಂದಿದ್ದಾರೆ. ಓಡಿ ಬಂದು ನಿಂತೆ. ಏದುಸಿರು ಇಳಿದಿಲ್ಲ, ಮತ್ತೆ ಆಜ್ಞೆ: ಡ್ರಿಲ್ ಉಡುಪಿನಲ್ಲಿ ಬಾ! ಮೆಟ್ಟಿಲು ಹತ್ತಿ ಓಡು, ಬೂಟಿನ ದಾರ ಬಿಗಿ, ಬೆಲ್ಟು ಕಟ್ಟು, ಇಳಿದು ಓಡು. ಒಬ್ಬ ತಡವಾದ. ಎಲ್ಲರೂ ಮತ್ತೆ ಮೇಲಕ್ಕೆ. ಈ ಸಲ ಮೆಸ್ಸಿಗೆ ಹೋಗುವ ಉಡುಪು, ಟೈ ಸಮೇತ. ಇದಕ್ಕೆ ಪಟ್ಟಿ ಪರೇಡ್ ಎನ್ನುತ್ತಾರೆ. ಗೆಲ್ಲಲು ಆಗದಂತೆಯೇ ಇದನ್ನು ಕಟ್ಟಿದ್ದಾರೆ ಎಂಬುದು ಹೊಳೆಯುವ ಹೊತ್ತಿಗೆ ನಿನ್ನ ಅಂಗಿ ಬೆವರಲ್ಲಿ ನೆನೆದು ಮೈಗಂಟಿರುತ್ತದೆ.

ನೀನು ಗೆಟ್ಟವಾಡಿಯ ಯಾವ ಮನೆಯ ಕೂಸಾದರೂ ಆಗಿರಬಹುದು. ತಾಳವಾಡಿ ಬೆಟ್ಟದ ಮೇಲೆ ಹುಟ್ಟಿದವನು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷು. ಪದವಿ ಮುಗಿಸಿ, ಸೇನಾಧಿಕಾರಿಯಾಗಲು ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುವ ಸಿಡಿಎಸ್ ಪರೀಕ್ಷೆ ಬರೆದು, ಬೆಂಗಳೂರಿನ ಆಯ್ಕೆ ಕೇಂದ್ರದಲ್ಲಿ ಐದು ದಿನ ಎದೆಯ ಮೇಲೆ ಸಂಖ್ಯೆ ಕಟ್ಟಿಕೊಂಡು ಓಡಾಡಿದವನು. ಮೊದಲ ದಿನದ ಸೋಸುವಿಕೆಯಲ್ಲೇ ಬಂದವರಲ್ಲಿ ಬಹುಪಾಲು ಮಂದಿ ಗಂಟುಮೂಟೆ ಕಟ್ಟಿದರು. ಹದಿನೈದು ಸೆಕೆಂಡಿಗೆ ಒಂದರಂತೆ ಅರವತ್ತು ಪದಗಳು ಪರದೆಯ ಮೇಲೆ ಮಿಂಚಿದವು, ಒಂದೊಂದಕ್ಕೂ ಒಂದು ವಾಕ್ಯ ಬರೆದೆ. ಹಲಗೆ, ಹಗ್ಗ, ಪೀಪಾಯಿ ಇಟ್ಟುಕೊಂಡು ಗುಂಪಿನೊಂದಿಗೆ ಇಲ್ಲದ ಹೊಳೆ ದಾಟಿದೆ. ಉಳಿದೆ.

ಹೊರಡುವಾಗ ಅವ್ವ ಹೇಳಿದ್ದು ಇಷ್ಟೇ: ‘ಹುಷಾರು ಕನ ಕೂಸು.’ ಬಸ್ಸು ದಿಂಬಂ ಘಾಟಿಯ 27 ತಿರುವುಗಳನ್ನು ಹಲ್ಲು ಕಚ್ಚಿಕೊಂಡು ಇಳಿಯಿತು. ಬಣ್ಣಾರಿ ದಾಟುತ್ತಲೇ ಸೆಕೆ ಮುಖಕ್ಕೆ ಹೊಡೆಯಿತು. ಸತ್ಯಮಂಗಲ, ಈರೋಡು, ರಾತ್ರಿಯ ರೈಲು, ಚೆನ್ನೈ. ಪರಂಗಿಮಲೆಯ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಯ ಬಾಗಿಲು ದಾಟಿದ ದಿನವೇ ತಲೆಗೂದಲು ಹೋಯಿತು, ಕಪ್ಪು ಟ್ರಂಕು ಬಂತು, ನಿನಗೊಂದು ಹೊಸ ಹೆಸರು ಬಂತು: ಕೆಡೆಟ್. ಚೀನಾ ಯುದ್ಧದ ಬೆನ್ನಿಗೇ, ಸೇನೆಗೆ ತುರ್ತಾಗಿ ಅಧಿಕಾರಿಗಳು ಬೇಕಾಗಿದ್ದ 1963ರಲ್ಲಿ ಶುರುವಾದ ತರಬೇತಿ ಶಾಲೆ ಇದು. ಅಕಾಡೆಮಿ ಎಂಬ ಹೆಸರು ಬಂದದ್ದು 1988ರಲ್ಲಿ. 1992ರಿಂದ ಹೆಣ್ಣುಮಕ್ಕಳೂ ಇಲ್ಲೇ ತರಬೇತಿ ಪಡೆಯುತ್ತಿದ್ದಾರೆ. ನಿನ್ನ ತಂಗಿಗೂ ಬಾಗಿಲು ತೆರೆದಿದೆ.

ನಿನ್ನ ಮುಂದಿರುವುದು 49 ವಾರ.

ಮೊದಲ ಹೊಡೆತ ಬೀಳುವುದು ಮೈಗಲ್ಲ, ಗಡಿಯಾರದ ಮೇಲಿದ್ದ ನಿನ್ನ ನಂಬಿಕೆಗೆ. ಬೆಟ್ಟದಲ್ಲಿ ಹೊತ್ತು ಅಂದರೆ ಬಿಸಿಲು, ನೆರಳು, ದನ ಮರಳುವ ಸಮಯ. ಇಲ್ಲಿ ಎಲ್ಲವೂ ನಿಮಿಷದ ಲೆಕ್ಕ, ಆ ನಿಮಿಷಗಳನ್ನೂ ಬೇಕೆಂದೇ ಕಡಿಮೆ ಕೊಡುತ್ತಾರೆ. ಪಿ.ಟಿ., ಡ್ರಿಲ್, ಶಸ್ತ್ರ, ತರಗತಿ, ಆಟ, ರಾತ್ರಿ ಮತ್ತೆ ಪಾಠ. ನಡುವೆ ಸೈಕಲ್ಲುಗಳ ಮೇಲೆ ಸಾಲಾಗಿ ಓಟ. ತರಗತಿಯಲ್ಲಿ ಫ್ಯಾನು ತಿರುಗುತ್ತಲೇ ರೆಪ್ಪೆ ಜಾರುತ್ತದೆ. ನಿದ್ದೆ ತಡೆಯಲಾಗದಿದ್ದರೆ ಎದ್ದು ಹಿಂದೆ ಹೋಗಿ ನಿಂತುಕೋ, ನಾಚಿಕೆಪಡಬೇಡ. ಕೆಲವು ತಿಂಗಳಲ್ಲಿ ಒಂದು ಸಂಗತಿ ನಡೆಯುತ್ತದೆ: ನೀನು ಮೂರನೆಯ ನಿಮಿಷಕ್ಕೆ ಸಿದ್ಧನಾಗುವುದನ್ನು ಬಿಟ್ಟು, ಮೊದಲ ನಿಮಿಷದಲ್ಲಿ ಯಾವುದನ್ನು ಬಿಡಬಹುದು ಎಂದು ಲೆಕ್ಕ ಹಾಕತೊಡಗುತ್ತೀಯ. ಮುಖ್ಯ ಯಾವುದು, ಕಾಯಬಹುದಾದದ್ದು ಯಾವುದು? ದಣಿದ ತಲೆಗೆ ಈ ವಿಂಗಡಣೆ ಬರಲಿ ಎಂದೇ ಅಷ್ಟೆಲ್ಲ ಸೀಟಿ ಊದಿದ್ದು. ಇದಿಲ್ಲದೆ ಉಳಿದ ಯಾವ ಕಸರತ್ತೂ ಅಧಿಕಾರಿಯನ್ನು ಮಾಡಲಾರದು ಎಂಬುದು ನನ್ನ ಗಟ್ಟಿ ನಂಬಿಕೆ.

ಡ್ರಿಲ್ ಚೌಕದಲ್ಲಿ ಉಸ್ತಾದ್ ಹಿಂದಿಯಲ್ಲಿ ಗುಡುಗುತ್ತಾನೆ. ನಿನಗೆ ಅರ್ಥವಾಗುವ ಹೊತ್ತಿಗೆ ಸಾಲು ಎಡಕ್ಕೆ ತಿರುಗಿರುತ್ತದೆ, ನೀನೊಬ್ಬ ಬಲಕ್ಕೆ. ಶುರುವಾಯಿತು ರಗಡಾ! ಫ್ರಂಟ್ ರೋಲ್, ಮೊಣಕೈ ತೆವಳು, ರೈಫಲ್ಲು ತಲೆಯ ಮೇಲೆತ್ತಿ ಮೈದಾನ ಸುತ್ತು. ಇನ್ಸಾಸ್ ರೈಫಲ್ಲು ನಾಲ್ಕು ಕಿಲೋಗಿಂತ ತುಸು ಹೆಚ್ಚು. ಮೂರನೆಯ ಸುತ್ತಿಗೆ ಅದು ನಲವತ್ತಾಗುತ್ತದೆ. ಆ ಉಸ್ತಾದ್ ನಿನ್ನ ಶತ್ರುವಲ್ಲ. ನೀನು ಅಧಿಕಾರಿಯಾದ ದಿನ ನಿನಗೆ ಸೆಲ್ಯೂಟ್ ಹೊಡೆಯುವವರ ಸಾಲಿನಲ್ಲಿ ಅವನೂ ಇರುತ್ತಾನೆ, ಅದು ಅವನಿಗೆ ಮೊದಲ ದಿನದಿಂದಲೂ ಗೊತ್ತು. ಆದರೆ ಒಂದು ಮಾತು. ದಂಡನೆಯ ಹೆಸರಲ್ಲಿ ಯಾರಾದರೂ ಕೈಮಾಡಿದರೆ ಅದು ತರಬೇತಿಯಲ್ಲ. ನೀನು ಹಿರಿಯನಾದಾಗ ಕಿರಿಯನ ಮೇಲೆ ಕೈ ಎತ್ತಬೇಡ.

ಆಮೇಲೆ ಮೈ. ಐದು ಕಿಲೋಮೀಟರು, ಬೂಟು ಹಾಕಿ, ಬೆನ್ನಿಗೆ ಪ್ಯಾಕು, ಕೈಯಲ್ಲಿ ರೈಫಲ್ಲು. ಗಡಿಯಾರ ಹಿಡಿದವರು ಕೊನೆಯಲ್ಲಿ ನಿಂತಿದ್ದಾರೆ. ಓಟ ಮುಗಿದ ಬೆನ್ನಿಗೇ ಒಂಬತ್ತು ಅಡಿಯ ಹಳ್ಳ ಹಾರಬೇಕು, ನೇರ ಹಗ್ಗ ಹತ್ತಬೇಕು, ಅಡ್ಡಹಗ್ಗದಲ್ಲಿ ನೇತಾಡುತ್ತ ಸಾಗಬೇಕು. ಬೆಟ್ಟ ಹತ್ತಿಳಿದ ನಿನ್ನ ಕಾಲು ಇಲ್ಲಿ ಕೈಬಿಡುವುದಿಲ್ಲ. ಕೈಬಿಡುವುದು ಚೆನ್ನೈನ ಗಾಳಿ. ಬೆವರು ಆರುವುದೇ ಇಲ್ಲ, ಮೈಯ ಶಾಖ ಒಳಗೇ ಏರುತ್ತದೆ. ಓಡುತ್ತಿದ್ದವನು ಇದ್ದಕ್ಕಿದ್ದಂತೆ ಬೆವರು ನಿಂತು, ಮಾತು ತೊದಲಿ, ಅಡ್ಡಾದಿಡ್ಡಿ ಹೆಜ್ಜೆ ಹಾಕಿದರೆ ತಕ್ಷಣ ಕೂಗು, ನೆರಳಿಗೆ ಎಳೆ, ನೀರು ಸುರಿ! ಅದು ಸೋಮಾರಿತನವಲ್ಲ, ಪ್ರಾಣಾಪಾಯ. ಮುಂಗಾಲಿನ ಮೂಳೆಯ ನೋವನ್ನೂ ಹಗುರವಾಗಿ ತೆಗೆದುಕೊಳ್ಳಬೇಡ. ಮೂಳೆ ಹೊಸ ಭಾರಕ್ಕೆ ಗಟ್ಟಿಯಾಗುವ ಮುನ್ನವೇ ದಿನಾ ಬೂಟಿನ ಪೆಟ್ಟು ಬಿದ್ದರೆ ಕೂದಲೆಳೆಯ ಬಿರುಕು ಬಿಡುತ್ತದೆ. ತರಬೇತಿ ತಪ್ಪಿ ಒಂದು ಅವಧಿ ಹಿಂದೆ ಬೀಳುವ ಹೆದರಿಕೆಗೆ ಹುಡುಗರು ಅದನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಬಿರುಕು ಕೊನೆಗೆ ಪೂರ್ತಿ ಮುರಿಯುತ್ತದೆ.

ಎತ್ತರದ ಹಲಗೆಯಿಂದ ನೀರಿಗೆ ಹಾರುವ ದಿನ ನಿನಗೆ ನಿಜವಾದ ಭಯದ ಪರಿಚಯವಾಗುತ್ತದೆ. ಕೆಳಗೆ ನೀಲಿ ಕೊಳ, ಹಿಂದೆ ಸಾಲು. ನೋಡುತ್ತ ನಿಂತಷ್ಟೂ ಮೊಣಕಾಲು ನಡುಗುತ್ತದೆ. ಹೆಜ್ಜೆ ಇಡು! ಅಷ್ಟೇ. ಊರಿನ ಬಾವಿಯಲ್ಲಿ, ಕೆರೆಯಲ್ಲಿ ಈಜು ಕಲಿತು ಬಂದವನಿಗೆ ಅರ್ಧ ಕಷ್ಟ ಕಡಿಮೆ.

ಇನ್ನು ಆ ರಾತ್ರಿ. ನಗರದಾಚೆಯ ಬಯಲಿಗೆ ಶಿಬಿರ ಹೋಗಿದೆ. ಎರಡು ರಾತ್ರಿ ಮೋರ್ಚಾ ಅಗೆದಿದ್ದೀರಿ, ಅಂಗೈ ಬೊಬ್ಬೆ ಒಡೆದು ಸಲಿಕೆಯ ಹಿಡಿ ಅಂಟುತ್ತಿದೆ. ಮುಂಜಾವಕ್ಕೆ ಅಣಕು ದಾಳಿ ಮುಗಿಯಿತು, ಖಾಲಿ ತೋಟಾಗಳ ಹೊಗೆ ಇನ್ನೂ ಮೂಗಿನಲ್ಲಿದೆ. ಇನ್ನೇನು ಮಲಗಬಹುದು ಅನ್ನುವಾಗ ಹುಕುಂ: ಕತ್ತಲಾಗುತ್ತಲೇ ಮೂವತ್ತು ಕಿಲೋಮೀಟರಿನ ನಡಿಗೆ, ನಕಾಶೆ ನಿನ್ನ ಕೈಯಲ್ಲಿ.

ಹೊರಟಿರಿ. ದಿಕ್ಸೂಚಿಯ ಮುಳ್ಳು ಹಸಿರಾಗಿ ಮಿನುಗುತ್ತದೆ. ಕೋನ ಹಿಡಿ, ದೂರದ ಗುರುತು ನೋಡು, ಹೆಜ್ಜೆ ಎಣಿಸು. ಟಾರ್ಚಿಲ್ಲ. ಪಟ್ಟಣದ ಹುಡುಗರು ಕತ್ತಲಿಗೆ ತಡವರಿಸುವಾಗ ನಿನ್ನ ಕಿವಿ ತಾನೇ ತೆರೆದುಕೊಳ್ಳುತ್ತದೆ. ರಾಗಿ, ಜೋಳದ ಹೊಲಕ್ಕೆ ಆನೆ ನುಗ್ಗೀತೆಂದು ರಾತ್ರಿಯಿಡೀ ಅಟ್ಟಣೆಯ ಮೇಲೆ ಕೂತು ಬೆಳೆ ಕಾದ ಸೀಮೆ ನಿನ್ನದು. ಗಾಳಿ ಯಾವ ಕಡೆಯಿಂದ, ಮುರಿದ ಕೊಂಬೆಯ ಸದ್ದು ಎಷ್ಟು ದೂರದ್ದು, ನಿಲ್ಲಬೇಕೋ ಸರಿಯಬೇಕೋ, ಇದನ್ನು ನಿನಗೆ ಯಾವ ಉಸ್ತಾದನೂ ಹೇಳಿಕೊಡಬೇಕಿಲ್ಲ.

ಆದರೂ ತಪ್ಪುತ್ತೀಯ. ಹೆಜ್ಜೆಯ ಎಣಿಕೆ ಎಲ್ಲೋ ಜಾರಿದೆ. ಇರಬೇಕಾದ ಕಾಲುವೆ ಅಲ್ಲಿಲ್ಲ! ಎಂಟು ಜೋಡಿ ಕಣ್ಣು ಕತ್ತಲಲ್ಲೂ ನಿನ್ನ ಮುಖದ ಮೇಲಿವೆ. ಒಬ್ಬ ಎಡಕ್ಕೆ ಅನ್ನುತ್ತಾನೆ, ಒಬ್ಬ ಬಲಕ್ಕೆ. ಇನ್ನೊಬ್ಬ ಹಿಂದೆ ಕುಂಟುತ್ತಿದ್ದಾನೆ, ಬೂಟಿನೊಳಗೆ ರಕ್ತ. ನಿಂತರೆ ಸಮಯ ಮೀರುತ್ತದೆ, ಅವನನ್ನು ಬಿಟ್ಟು ನಡೆದರೆ ನಡಿಗೆಯೇ ವ್ಯರ್ಥ. ಈ ಅರೆನಿಮಿಷಕ್ಕಾಗಿಯೇ ಇಷ್ಟು ತಿಂಗಳು ನಿನ್ನನ್ನು ಅರೆದದ್ದು. ‘ಕೂರಬೇಡಿ. ನೀರು ಎರಡು ಗುಟುಕು. ಕೊನೆಯ ಗುರುತಿಗೆ ವಾಪಸು ಹೋಗೋಣ.’ ಕುಂಟುವವನ ರೈಫಲ್ಲು ನಿನ್ನ ಹೆಗಲಿಗೆ ಬಂತು, ಅವನ ಪ್ಯಾಕು ಇನ್ನೊಬ್ಬನಿಗೆ. ನಿನ್ನ ಬೆನ್ನು ಉರಿಯುತ್ತಿದೆ, ದನಿ ಮಾತ್ರ ಉರಿಯಬಾರದು. ಹಿಂದಕ್ಕೆ ಅರ್ಧ ಕಿಲೋಮೀಟರು, ಗುರುತು ಸಿಕ್ಕಿತು, ಕೋನ ಸರಿಹೋಯಿತು. ಈಗ ಓಡು! ಹಾಡು ಹೇಳುತ್ತ ಓಡು, ಹೆಸರು ಕರೆಯುತ್ತ ಓಡು. ಎಂಟು ಜನವೂ ಗೆರೆ ದಾಟಿದ ಮೇಲೆ ನೀನು ದಾಟು. ಊಟಕ್ಕೂ ಅದೇ ಕ್ರಮ. 1932ರಲ್ಲಿ ಡೆಹ್ರಾಡೂನಿನ ಅಕಾಡೆಮಿಯನ್ನು ಉದ್ಘಾಟಿಸುತ್ತ ಆಗಿನ ಸೇನಾ ದಂಡನಾಯಕ ಚೆಟ್ವುಡ್ ಹಾಕಿಕೊಟ್ಟ ಸಾಲು ಇಂದಿಗೂ ಬದಲಾಗಿಲ್ಲ: ದೇಶ ಮೊದಲು, ನಿನ್ನ ಕೈಕೆಳಗಿನವರು ಆಮೇಲೆ, ನೀನು ಕಟ್ಟಕಡೆಗೆ.

ಇದು ಬರೀ ಆಟದ ನಿಯಮವಲ್ಲ. ನೀನು ದಿನಾ ಬೂಟು ಬಡಿಯುವ ಚೌಕದ ಹೆಸರು ನೋಡು: ಪರಮೇಶ್ವರನ್ ಡ್ರಿಲ್ ಚೌಕ. ಮೇಜರ್ ರಾಮಸ್ವಾಮಿ ಪರಮೇಶ್ವರನ್ 1972ರಲ್ಲಿ ಇಲ್ಲಿಂದಲೇ ಅಧಿಕಾರಿಯಾಗಿ ಮಹಾರ್ ರೆಜಿಮೆಂಟ್ ಸೇರಿದವರು. 1987ರ ನವೆಂಬರ್ 25ರ ರಾತ್ರಿ, ಶ್ರೀಲಂಕಾದಲ್ಲಿ, ಶೋಧ ಮುಗಿಸಿ ಅವರ ತುಕಡಿ ಮರಳುತ್ತಿದ್ದಾಗ ಹೊಂಚು ಹಾಕಿದ್ದ ಉಗ್ರರು ಗುಂಡಿನ ಮಳೆಗರೆದರು. ಪರಮೇಶ್ವರನ್ ಗಾಬರಿಯಾಗಲಿಲ್ಲ, ಬಳಸಿಕೊಂಡು ಹೋಗಿ ಹಿಂದಿನಿಂದ ಎರಗಿದರು. ಕೈಗೆ ಕೈ ಹತ್ತಿದ ಹೋರಾಟದಲ್ಲಿ ಗುಂಡು ಎದೆಗೆ ನಾಟಿತು. ಆ ಸ್ಥಿತಿಯಲ್ಲೇ ಎದುರಾಳಿಯ ರೈಫಲ್ಲು ಕಿತ್ತುಕೊಂಡು ಅವನನ್ನೇ ಉರುಳಿಸಿದರು; ಉಸಿರು ನಿಲ್ಲುವವರೆಗೂ ಆಜ್ಞೆ ಕೊಡುತ್ತಲೇ ಇದ್ದರು. ಪರಮವೀರ ಚಕ್ರ ಮರಣೋತ್ತರವಾಗಿ ಬಂತು. ಕತ್ತಲಲ್ಲಿ, ದಣಿವಿನಲ್ಲಿ, ಗದ್ದಲದ ನಡುವೆ ನೆಟ್ಟಗೆ ಯೋಚಿಸಿದ ಆ ತಲೆಯನ್ನು ನೆನೆ.

ಕನ್ನಡ ನಾಡಿಗೂ ಈ ದಾರಿ ಹಳೆಯದು. ಕೊಡಗಿನ ಕಾರ್ಯಪ್ಪ 1919ರಲ್ಲಿ ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಪಡೆದ ಮೊದಲ ಭಾರತೀಯ ಅಧಿಕಾರಿಗಳ ತಂಡದವರು. ಅದೇ ಕೊಡಗಿನ ತಿಮ್ಮಯ್ಯ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತು 1926ರಲ್ಲಿ ಅಧಿಕಾರಿಯಾದರು. 1948ರ ನವೆಂಬರ್ 1ರಂದು, ಕಾಶ್ಮೀರದ ಯುದ್ಧದಲ್ಲಿ, ಹಿಮ ಬೀಳುವ ಜೋಜಿಲಾ ಕಣಿವೆಗೆ, ಹನ್ನೊಂದು ಸಾವಿರ ಅಡಿಗೂ ಮೇಲಕ್ಕೆ, ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿ ಶತ್ರುವನ್ನು ದಂಗುಬಡಿಸಿದವರು ಅವರೇ! ಅದಕ್ಕೆ ಮೊದಲು ಟ್ಯಾಂಕುಗಳ ಗೋಪುರ ಬಿಚ್ಚಿ, ಗುಟ್ಟಾಗಿ ಸಾಗಿಸಿದ್ದರು. ಹೇಸರಗತ್ತೆಯ ದಾರಿಯನ್ನು ಟ್ಯಾಂಕು ಹೋಗುವ ಹಾಗೆ ಅಗಲ ಮಾಡಿದವರು ಬೆಂಗಳೂರು ನೆಲೆಯ ಮದ್ರಾಸ್ ಸ್ಯಾಪರ್ಸ್. ಡಿವಿಜನ್ನಿನ ದೊರೆಯಾಗಿದ್ದ ತಿಮ್ಮಯ್ಯ ಹಿಂದೆ ಉಳಿಯದೆ ಮುಂಚೂಣಿಯ ಟ್ಯಾಂಕಿನಲ್ಲಿದ್ದರು. ಡೆಹ್ರಾಡೂನಿನ ಅಕಾಡೆಮಿಯಲ್ಲಿ ಇಂದು ಒಂದು ಬೆಟಾಲಿಯನ್ನಿಗೆ ಕಾರ್ಯಪ್ಪನವರ ಹೆಸರು, ಇನ್ನೊಂದಕ್ಕೆ ತಿಮ್ಮಯ್ಯನವರ ಹೆಸರು.

ಗೆಟ್ಟವಾಡಿಯಿಂದ ಹೋಗುವವನಿಗೆ ಇನ್ನೊಂದು ಸಂಗತಿ ಹೇಳಲೇಬೇಕು. ನಮ್ಮ ಬೆಟ್ಟಗಳಿಗೆ ಬಂದೂಕು ಹಿಡಿದ ಸಮವಸ್ತ್ರದ ನೆನಪು ಸಿಹಿಯಾದುದಲ್ಲ. ವೀರಪ್ಪನ್ ಬೇಟೆಯ ವರ್ಷಗಳಲ್ಲಿ ಕಾಡಂಚಿನ ಊರುಗಳು ಎರಡು ಕಡೆಯಿಂದಲೂ ನಲುಗಿದವು. 2000ದ ಜುಲೈ 30ರ ರಾತ್ರಿ ಇದೇ ತಾಳವಾಡಿ ಸೀಮೆಯ ದೊಡ್ಡಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ಅವನು ಹೊತ್ತೊಯ್ದ. ಅವರು ಬಿಡುಗಡೆಯಾಗಲು 108 ದಿನ ಬೇಕಾಯಿತು. ಇತ್ತ ಅವನನ್ನು ಹುಡುಕಲು ಬಂದ ಪೊಲೀಸ್ ವಿಶೇಷ ಕಾರ್ಯಪಡೆಗಳ ಮೇಲೆ ಹಳ್ಳಿಗರು ಹೊರಿಸಿದ ಚಿತ್ರಹಿಂಸೆಯ ಆರೋಪಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಜನರಿಗೆ ಪರಿಹಾರ ಕೊಡಿಸಿತು. ಅದು ಸೇನೆಯಲ್ಲ, ಪೊಲೀಸು, ನಿಜ. ಆದರೂ ರಾತ್ರಿ ಬಾಗಿಲು ಬಡಿಯುವ ಕೈಗಳ ಹಿಂದೆ ಒಬ್ಬ ಅಧಿಕಾರಿ ನಿಂತಿರುತ್ತಾನೆ. ಅವನು ಬೇಡ ಅಂದರೆ ಕೈ ನಿಲ್ಲುತ್ತದೆ, ಸುಮ್ಮನಿದ್ದರೆ ಮುಂದುವರಿಯುತ್ತದೆ. ಬಾಗಿಲ ಒಳಗೆ ಕೂತವರ ಎದೆಬಡಿತ ಹೇಗಿರುತ್ತದೆಂದು ಬಲ್ಲ ಊರಿನಿಂದ ಒಬ್ಬ ಅಧಿಕಾರಿ ಬರಲಿ ಎಂಬ ಆಸೆ ನನಗೆ ಬಹಳ ಇದೆ.

ಕೊನೆಯ ವಾರಗಳು ಹಾರಿಹೋಗುತ್ತವೆ. ಡ್ರಿಲ್ ಚೌಕದಲ್ಲಿ ಬ್ಯಾಂಡು, ಕತ್ತಿ, ನಿಧಾನ ನಡಿಗೆ, ಅಂತಿಮ ಪಗ್ ಎನ್ನುವ ಕೊನೆಯ ಹೆಜ್ಜೆ. ಅಪ್ಪ ಅವ್ವ ನಿನ್ನ ಹೆಗಲ ಮೇಲಿನ ನಕ್ಷತ್ರಗಳ ಮುಸುಕು ತೆಗೆಯುತ್ತಾರೆ. ಕೆಲವು ದಿನ ರಜೆ, ಹಿಟ್ಟು, ಉಪ್ಪೆಸರು, ಊರೆಲ್ಲ ಮಾತು. ಮತ್ತೆ ಅದೇ 27 ತಿರುವು, ಮತ್ತೆ ರೈಲು, ಈ ಸಲ ಇನ್ನೂ ದೂರಕ್ಕೆ.

ಅಲ್ಲಿ ಮೂವತ್ತು ಚಿಲ್ಲರೆ ಜವಾನರ ಪ್ಲಟೂನು ಸಾಲಾಗಿ ನಿಂತಿರುತ್ತದೆ. ಹಲವರಿಗೆ ನಿನಗಿಂತ ವಯಸ್ಸು ಹೆಚ್ಚು. ನೀನು ಅ ಆ ಕಲಿಯುತ್ತಿದ್ದ ಕಾಲಕ್ಕೇ ಸೇನೆ ಸೇರಿದ್ದ ಸುಬೇದಾರ್ ಸಾಹೇಬರು ಸೆಲ್ಯೂಟ್ ಹೊಡೆದು, ಹುಕುಂ ಏನು ಸಾಬ್ ಎಂದು ಕೇಳುತ್ತಾರೆ. ಎಲ್ಲ ಬಲ್ಲವನಂತೆ ನಟಿಸಬೇಡ. ಹುಡುಗರು ಉಂಡರೇ ಎಂದು ಕೇಳು. ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ರಜೆ ಬಾಕಿ, ಯಾರ ಬೂಟು ಹರಿದಿದೆ ಎಂದು ಕೇಳು. ನಕಾಶೆ ತರಿಸಿ, ಸುತ್ತಲಿನ ಹಾದಿಗಳನ್ನು ಅವರಿಂದಲೇ ಹೇಳಿಸಿಕೊಂಡು, ಕತ್ತಲಾಗುವುದರೊಳಗೆ ಒಂದು ಸುತ್ತು ನಡೆದು ಬಾ.