ದಾಖಲೆಗಾಗಿ ಕಾದ ಕಾಲ

1994ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಶ್ರೀಲಂಕಾ ವಿರುದ್ಧ ಟೆಸ್ಟ್ ಪಂದ್ಯ ನಡೆಯಿತು. ಭಾರತ ಇನಿಂಗ್ಸ್ ಅಂತರದಿಂದ ಗೆದ್ದಿತು. ಆ ಗೆಲುವಿನ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಎಲ್ಲರ ಬಾಯಲ್ಲೂ ಇದ್ದದ್ದು ಒಂದೇ ಲೆಕ್ಕ: ಕಪಿಲ್ ದೇವ್‌ಗೆ ಇನ್ನೆಷ್ಟು ವಿಕೆಟ್ ಬೇಕು? ನ್ಯೂಜಿಲೆಂಡಿನ ರಿಚರ್ಡ್ ಹ್ಯಾಡ್ಲಿ 86 ಟೆಸ್ಟ್ ಆಡಿ, 431 ವಿಕೆಟ್ ಪಡೆದು, 1990ರಲ್ಲಿ ನಿವೃತ್ತರಾಗಿದ್ದರು. ಕಪಿಲ್ ಆ ಸಂಖ್ಯೆಯನ್ನು ಬೆಂಗಳೂರಿನಲ್ಲಿ ಸರಿಗಟ್ಟಿದರು. ಫೆಬ್ರುವರಿ 8ರಂದು ಅಹಮದಾಬಾದಿನಲ್ಲಿ ಹಶಾನ್ ತಿಲಕರತ್ನೆ ಕೊಟ್ಟ ಕ್ಯಾಚನ್ನು ಶಾರ್ಟ್ ಲೆಗ್‌ನಲ್ಲಿದ್ದ ಸಂಜಯ್ ಮಂಜ್ರೇಕರ್ ಹಿಡಿದರು. 432 ಆಯಿತು. ಬಲೂನುಗಳು ಹಾರಿದವು, ದೇಶವೆಲ್ಲ ಚಪ್ಪಾಳೆ ತಟ್ಟಿತು.

ಮೈಸೂರಿನಲ್ಲಿ ನಾವೂ ತಟ್ಟಿದೆವು. ಆದರೆ ಅರಸು ರಸ್ತೆಯ ಟೀವಿ ಅಂಗಡಿಯೊಂದರ ಮುಂದೆ ಗುಂಪುಗೂಡಿ ನೋಡುತ್ತಿದ್ದ ನಮ್ಮ ಚಪ್ಪಾಳೆಯಲ್ಲಿ ಒಂದು ತಕರಾರೂ ಇತ್ತು. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಅಂಗಡಿಯವನನ್ನು ಕೇಳಿದರು: “ಏನಪ್ಪಾ, ನಮ್ಮ ಶ್ರೀನಾಥ್‌ನ ಇನ್ನೂ ಎಷ್ಟ್ ದಿನ ಹಿಂಗೇ ಕೂರಿಸ್ತಾರೆ?” ಅಂಗಡಿಯವನು ಸಮಾಧಾನ ಹೇಳಿದ: “ಬಿಡಿ ಸಾರ್, ರೆಕಾರ್ಡ್ ಒಂದು ಆಗೋಯ್ತಲ್ಲ. ಇನ್ಮೇಲೆ ಆಡಿಸ್ತಾರೆ.”

ವೇಗದ ಬೌಲರ್ ಜಾವಗಲ್ ಶ್ರೀನಾಥ್ ಆ ಹೊತ್ತಿಗೆ ಹೊಸಬರೇನಲ್ಲ. ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿದ ಹುಡುಗ. ಕರ್ನಾಟಕದ ಪರ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಹೈದರಾಬಾದ್ ವಿರುದ್ಧ ಹ್ಯಾಟ್ರಿಕ್ ಪಡೆದಿದ್ದರು. 1991ರ ನವೆಂಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್‌ಗೆ ಕಾಲಿಟ್ಟಾಗ ಅವರಿಗೆ 22 ವರ್ಷ. ತಾಯ್ನಾಡಿನಲ್ಲಿ ಮೊದಲ ಟೆಸ್ಟ್ ಆಡಲು ಸಿಕ್ಕಿದ್ದು 1994ರ ನವೆಂಬರ್‌ನಲ್ಲಿ, ಮುಂಬೈಯಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ಅಷ್ಟರಲ್ಲಿ ವಯಸ್ಸು 25 ದಾಟಿತ್ತು, ಕಪಿಲ್ ನಿವೃತ್ತರಾಗಿದ್ದರು. ಸಿಕ್ಕ ಆ ಪಂದ್ಯದಲ್ಲಿ ಶ್ರೀನಾಥ್ ವಿಕೆಟ್ ಕಿತ್ತದ್ದಲ್ಲದೆ ಬ್ಯಾಟಿನಿಂದಲೂ 60 ರನ್ ಹೊಡೆದರು. ವೇಗದ ಬೌಲರನ ಜೀವನದಲ್ಲಿ 22ರಿಂದ 25ರ ವರೆಗಿನ ವಯಸ್ಸು ಎಂದರೆ ಏನು ಎನ್ನುವುದನ್ನು ಆ ಕೆಲಸ ಮಾಡಿದವರನ್ನು ಕೇಳಬೇಕು. ಭುಜ, ಸೊಂಟ, ಮಂಡಿ ಮೂರೂ ಹೇಳಿದ ಮಾತು ಕೇಳುವ ಕಾಲ ಅದು.

ತಪ್ಪನ್ನೆಲ್ಲ ಕಪಿಲ್ ತಲೆಗೆ ಕಟ್ಟುವುದು ನ್ಯಾಯವಲ್ಲ. 1993ರಲ್ಲಿ ಇಂಗ್ಲೆಂಡ್ ಬಂದಾಗ ನಾಯಕ ಅಜರುದ್ದೀನ್ ಸ್ಪಿನ್ನರ್‌ಗಳಾದ ಕುಂಬ್ಳೆ, ರಾಜು, ಚೌಹಾಣ್ ಮೂವರನ್ನೂ ಒಟ್ಟಿಗೆ ಇಳಿಸಿ 3–0ಯಿಂದ ಗೆದ್ದರು. ಅಂಥ ಪಿಚ್‌ಗಳಲ್ಲಿ ವೇಗಿಗಳ ಕೆಲಸ ಚೆಂಡಿನ ಹೊಳಪು ಕಳೆದು ಸ್ಪಿನ್ನರ್‌ಗಳ ಕೈಗೆ ಕೊಡುವುದು. ವೇಗಿಗಳ ಎರಡು ಜಾಗಗಳಲ್ಲಿ ಒಂದರಲ್ಲಿ ಕಪಿಲ್, ಇನ್ನೊಂದರಲ್ಲಿ ಬ್ಯಾಟಿಂಗೂ ಬಲ್ಲ ಪ್ರಭಾಕರ್ ಇದ್ದರು. ಹೀಗೆ ಮೂರನೇ ವೇಗಿಗೆ ಜಾಗವೇ ಇರಲಿಲ್ಲ. ಆದರೂ ಎರಡು ಜಾಗಗಳಲ್ಲಿ ಒಂದು ದಾಖಲೆಗಾಗಿ ಮೀಸಲಾಗಿತ್ತು ಎಂಬುದು ಕ್ರಿಕೆಟ್ ನೋಡುತ್ತಿದ್ದ ಎಲ್ಲರಿಗೂ ಗೊತ್ತಿತ್ತು. ಟೀವಿಯಲ್ಲಿ ಕಪಿಲ್ ಓಡಿ ಬರುವ ರೀತಿ ಅದೇ, ಕ್ರೀಸಿನ ಬಳಿಯ ಆ ಚೆಂದದ ನೆಗೆತವೂ ಅದೇ. ಆದರೆ ಪಿಚ್ ಮೇಲೆ ಬಿದ್ದ ನಂತರ ಚೆಂಡಿಗೆ ಹಿಂದಿನ ಕಸುವು ಇರಲಿಲ್ಲ. ಬ್ಯಾಟ್ಸ್‌ಮನ್‌ಗಳು ಹಿಂಗಾಲಿನ ಮೇಲೆ ನಿಂತು ಆರಾಮಾಗಿ ಆಡುತ್ತಿದ್ದರು. ಆ ಮನುಷ್ಯನನ್ನು ಹಾಗೆ ನೋಡುವುದೇ ಕಷ್ಟವಾಗುತ್ತಿತ್ತು.

ಯಾಕೆಂದರೆ ಅವರು ಎಂಥ ಆಟಗಾರ! 1983ರಲ್ಲಿ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ತಂಡ 17 ರನ್ನಿಗೆ 5 ವಿಕೆಟ್ ಕಳೆದುಕೊಂಡು ಕೂತಿದ್ದಾಗ ಔಟಾಗದೆ 175 ಹೊಡೆದವರು. 1981ರಲ್ಲಿ ಮೆಲ್ಬರ್ನ್‌ನಲ್ಲಿ ಗಾಯದ ಕಾಲಿನಲ್ಲೇ ಬೌಲ್ ಮಾಡಿ 28 ರನ್ನಿಗೆ 5 ವಿಕೆಟ್ ಪಡೆದು ಆಸ್ಟ್ರೇಲಿಯಾವನ್ನು 83ಕ್ಕೆ ಮಲಗಿಸಿದವರು. 131 ಟೆಸ್ಟ್‌ಗಳಲ್ಲಿ ಗಾಯದ ಕಾರಣಕ್ಕೆ ಒಂದನ್ನೂ ತಪ್ಪಿಸಿಕೊಳ್ಳಲಿಲ್ಲ. 1991–92ರ ಆಸ್ಟ್ರೇಲಿಯಾ ಪ್ರವಾಸದಲ್ಲೂ 25 ವಿಕೆಟ್ ಪಡೆದರು, 1992ರ ಡಿಸೆಂಬರ್‌ನಲ್ಲಿ ಪೋರ್ಟ್ ಎಲಿಜಬೆತ್‌ನಲ್ಲಿ ಅಲನ್ ಡೊನಾಲ್ಡ್ ಬಿರುಗಾಳಿಯಂತೆ ಎರಗುತ್ತಿದ್ದಾಗ 129 ಹೊಡೆದರು. ಅಲ್ಲಿಗೇ ನಿಲ್ಲಿಸಿದ್ದರೆ ಯಾರು ಏನು ಕಡಿಮೆ ಹೇಳುತ್ತಿದ್ದರು? 434ಕ್ಕೆ ಮುಗಿಸಿದರು. ಆ ದಾಖಲೆ ಉಳಿದದ್ದು ಆರು ವರ್ಷ. 2000ದ ಮಾರ್ಚ್‌ನಲ್ಲಿ ಕೋರ್ಟ್ನಿ ವಾಲ್ಶ್ ಅದನ್ನು ದಾಟಿದರು. ಕಪಿಲ್ ಎಂದರೆ ಇಂದಿಗೂ ಜನ 175ನ್ನೂ ವಿಶ್ವಕಪ್ಪನ್ನೂ ನೆನೆಯುತ್ತಾರೆ. 434ನ್ನು ಕ್ವಿಜ್‌ನವರು ಬಿಟ್ಟರೆ ಬೇರೆ ಯಾರು ನೆನೆಯುತ್ತಾರೆ?

ಕಪಿಲ್ ಹ್ಯಾಡ್ಲಿಯನ್ನು ಸರಿಗಟ್ಟುವುದಕ್ಕೆ ಏಳು ವರ್ಷ ಹಿಂದೆ ಅದೇ ಚಿನ್ನಸ್ವಾಮಿಯಲ್ಲಿ ನಡೆದದ್ದು ಬೇರೆಯೇ. 1987ರ ಮಾರ್ಚ್. ಪಾಕಿಸ್ತಾನ ವಿರುದ್ಧದ ಸರಣಿಯ ಕೊನೆಯ ಟೆಸ್ಟ್. ಚೆಂಡು ಮೊಳ ಮೊಳ ತಿರುಗುತ್ತಿದ್ದ ಪಿಚ್‌ನಲ್ಲಿ ಮಣಿಂದರ್ ಸಿಂಗ್ 27 ರನ್ನಿಗೆ 7 ವಿಕೆಟ್ ಪಡೆದು ಪಾಕಿಸ್ತಾನವನ್ನು 116ಕ್ಕೆ ಕೆಡವಿದ್ದರು. ನಾಲ್ಕನೇ ಇನಿಂಗ್ಸಿನಲ್ಲಿ ಭಾರತಕ್ಕೆ ಬೇಕಿದ್ದದ್ದು 221. ಸುನಿಲ್ ಗಾವಸ್ಕರ್ ಐದು ಗಂಟೆಗೂ ಹೆಚ್ಚು ಹೊತ್ತು ನಿಂತು 96 ಗಳಿಸಿದರು. ಎಡಗೈ ಸ್ಪಿನ್ನರ್ ಇಕ್ಬಾಲ್ ಖಾಸಿಂ ಹಾಕಿದ ಒಂದು ಚೆಂಡು ಸಿಡಿದೆದ್ದು ಸ್ಲಿಪ್‌ಗೆ ಹೋಯಿತು. ಭಾರತ 16 ರನ್‌ಗಳಿಂದ ಸೋತಿತು. ಅದೇ ಗಾವಸ್ಕರ್ ಅವರ ಕಡೆಯ ಟೆಸ್ಟ್ ಇನಿಂಗ್ಸ್. 37ರ ವಯಸ್ಸು, 10,122 ರನ್, 34 ಶತಕ. ಇನ್ನೆರಡು ವರ್ಷ ಆಡುತ್ತೇನೆ ಎಂದಿದ್ದರೆ ತಡೆಯುವ ಧೈರ್ಯ ಯಾವ ಆಯ್ಕೆ ಸಮಿತಿಗೂ ಇರಲಿಲ್ಲ. ಅವರು ಹೊರಟರು.

ಸಚಿನ್ ತೆಂಡೂಲ್ಕರ್ ಕೂಡ ದಾಖಲೆಗಾಗಿ ಕಾದರು ಎಂದು ಬರೆದರೆ ಇಂದಿಗೂ ಜಗಳಕ್ಕೆ ಬರುವವರಿದ್ದಾರೆ. ಬರಲಿ. 99ನೇ ಶತಕ 2011ರ ಮಾರ್ಚ್‌ನಲ್ಲಿ ನಾಗಪುರದಲ್ಲಿ ಬಂತು, ನೂರನೆಯದು ಒಂದು ವರ್ಷ ಕಳೆದು ಮೀರ್‌ಪುರದಲ್ಲಿ, ಬಾಂಗ್ಲಾದೇಶದ ವಿರುದ್ಧ. ಆ ಪಂದ್ಯವನ್ನು ಭಾರತ ಸೋತಿತು. ನಡುವೆ ತಂಡ ಇಂಗ್ಲೆಂಡಿನಲ್ಲೂ ಆಸ್ಟ್ರೇಲಿಯಾದಲ್ಲೂ 4–0ಯಿಂದ ನೆಲಕಚ್ಚಿತು. ಪತ್ರಿಕೆಗಳು ಮಾತ್ರ ನೂರನೇ ನೂರು ಯಾವಾಗ ಎಂದು ಕೇಳುತ್ತಲೇ ಇದ್ದವು. 2011ರ ಜನವರಿಯ ಕೇಪ್‌ಟೌನ್ ಶತಕದ ನಂತರ ಅವರು ಇನ್ನೂ 23 ಟೆಸ್ಟ್ ಆಡಿದರು, ಒಂದರಲ್ಲೂ ನೂರು ಬರಲಿಲ್ಲ.

ಆ ಆಸ್ಟ್ರೇಲಿಯಾ ಪ್ರವಾಸದಲ್ಲಿ ರಾಹುಲ್ ದ್ರಾವಿಡ್ ನಾಲ್ಕು ಟೆಸ್ಟ್‌ಗಳಲ್ಲಿ ಗಳಿಸಿದ್ದು 194 ರನ್. ಎಂಟು ಇನಿಂಗ್ಸ್‌ಗಳಲ್ಲಿ ಆರು ಸಲ ಬೌಲ್ಡ್. ‘ಗೋಡೆ’ ಎಂದೇ ಹೆಸರಾದವರಲ್ಲಿ ಸಂದು ಕಂಡಿತ್ತು. ಆರು ತಿಂಗಳ ಹಿಂದಷ್ಟೇ ಇಂಗ್ಲೆಂಡಿನಲ್ಲಿ ಮೂರು ಶತಕ ಹೊಡೆದಿದ್ದರಿಂದ ಇನ್ನೊಂದು ಸರಣಿ ಕೇಳುವ ಹಕ್ಕು ಅವರಿಗಿತ್ತು. ತವರಿನಲ್ಲಿ ಒಂದು ಬೀಳ್ಕೊಡುಗೆ ಟೆಸ್ಟ್ ಕೇಳಿದ್ದರೆ ಮಂಡಳಿ ಕೊಡುತ್ತಿತ್ತು. 2012ರ ಮಾರ್ಚ್ 9ರಂದು ಚಿನ್ನಸ್ವಾಮಿಯಲ್ಲಿ ಪತ್ರಕರ್ತರನ್ನು ಕರೆದು, ಕಿರಿಯರು ಬರುವ ಸಮಯವಾಯಿತು ಎಂದು ಹೇಳಿ ಮುಗಿಸಿದರು. ಅವರಿಗಿಂತ ಮೊದಲು ಅನಿಲ್ ಕುಂಬ್ಳೆ ಕೂಡ ಹಾಗೆಯೇ. 2008ರ ನವೆಂಬರ್‌ನಲ್ಲಿ ದಿಲ್ಲಿಯ ಕೋಟ್ಲಾದಲ್ಲಿ ಬೆರಳಿಗೆ 11 ಹೊಲಿಗೆ ಬಿದ್ದಿತ್ತು. ಸರಣಿಯ ನಡುವೆ, ತಾವೇ ನಾಯಕರಾಗಿದ್ದರೂ, 619 ವಿಕೆಟ್‌ಗೆ ಸಾಕು ಎಂದರು. ಈ ಇಬ್ಬರೂ ನಮ್ಮ ನಾಡಿನವರೆಂದು ನಾನು ಹೆಮ್ಮೆ ಪಡುವುದು ಅವರ ರನ್ನು, ವಿಕೆಟ್ಟುಗಳಿಗಷ್ಟೇ ಅಲ್ಲ.

ಈಗಿನ ವಿಚಾರಕ್ಕೆ ಬರೋಣ. 2025ರ ಮಾರ್ಚ್ 28, ಚೆಪಾಕ್‌ನಲ್ಲಿ ಐಪಿಎಲ್ ಪಂದ್ಯ. ನಮ್ಮ ಆರ್‌ಸಿಬಿ 196 ಹೊಡೆದಿತ್ತು. ಚೆನ್ನೈ ಸೋಲಿನತ್ತ ಜಾರುತ್ತಿದ್ದರೂ 43 ವರ್ಷದ ಮಹೇಂದ್ರ ಸಿಂಗ್ ಧೋನಿ ಬರಲಿಲ್ಲ. ಅಶ್ವಿನ್‌ರನ್ನೂ ಮುಂದೆ ಕಳಿಸಿ, ಒಂಬತ್ತನೆಯವರಾಗಿ ಬಂದರು. 16 ಎಸೆತಗಳಲ್ಲಿ 30 ಗಳಿಸಿದರು, ಕೊನೆಯ ಓವರಿನಲ್ಲಿ ಸಿಕ್ಸರ್‌ಗಳೂ ಬಂದವು. ಚೆನ್ನೈ 50 ರನ್‌ಗಳಿಂದ ಸೋತಿತು. ಮೈದಾನದಲ್ಲಿ ಮಾತ್ರ ಗೆದ್ದಷ್ಟೇ ಗದ್ದಲ. 2011ರಲ್ಲಿ ವಾಂಖೆಡೆಯಲ್ಲಿ ಯುವರಾಜ್‌ಗಿಂತ ಮುಂಚೆ ತಾವೇ ಇಳಿದು, ಕುಲಶೇಖರಗೆ ಸಿಕ್ಸರ್ ಎತ್ತಿ ವಿಶ್ವಕಪ್ ತಂದವರು ಇವರೇ. ಮುಂದೆ ಬಂದು ಹೊಣೆ ಹೊರುವುದೇ ಅವರ ಗುಣವಾಗಿತ್ತು.

ಚೆನ್ನೈ ಅವರನ್ನು ತಂಡದಲ್ಲಿ ಉಳಿಸಿಕೊಂಡದ್ದು ಹೇಗೆ ಎನ್ನುವುದು ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಐದು ವರ್ಷ ಅಂತರರಾಷ್ಟ್ರೀಯ ಪಂದ್ಯ ಆಡದವರನ್ನು ‘ಅನ್‌ಕ್ಯಾಪ್ಡ್’ ಎಂದು ಲೆಕ್ಕ ಹಿಡಿಯುವ ಹಳೆಯ ನಿಯಮವನ್ನು ಐಪಿಎಲ್‌ನವರು ಮತ್ತೆ ತಂದರು. ವಿಶ್ವಕಪ್ ಗೆದ್ದ ನಾಯಕನನ್ನು ದೇಶಕ್ಕೆ ಆಡಿಯೇ ಇಲ್ಲದ ಹುಡುಗರ ಸಾಲಿನಲ್ಲಿ ನಿಲ್ಲಿಸಿ ಚೆನ್ನೈನವರು 4 ಕೋಟಿ ರೂಪಾಯಿಗೆ ಉಳಿಸಿಕೊಂಡರು. 1994ರಲ್ಲಿ ಹುಡುಗನ ಜಾಗವನ್ನು ಹಿರಿಯರಿಗೆ ಕೊಟ್ಟದ್ದು ರೂಢಿಯಿಂದ. ಈಗ ಅದು ನಿಯಮವಾಗಿ ಬರೆದಿಟ್ಟ ಸಂಗತಿ. ಇದು ತಪ್ಪು, ಧೋನಿ ಒಪ್ಪಿಕೊಂಡದ್ದು ಅದಕ್ಕಿಂತ ದೊಡ್ಡ ತಪ್ಪು.

ಈ ತಪ್ಪಿನಲ್ಲಿ ಗ್ಯಾಲರಿಯ ಪಾಲೂ ಇದೆ. ತಮ್ಮದೇ ತಂಡದವನು ಔಟಾದಾಗ, ಇನ್ನು ಧೋನಿ ಬರುತ್ತಾರೆಂದು ಕೇಕೆ ಹಾಕುವ ಜನ ಇರುವವರೆಗೆ ಯಾವ ಮಾಲೀಕನೂ ಅವರನ್ನು ಮನೆಗೆ ಕಳಿಸುವುದಿಲ್ಲ. ನಾಳೆ ಇದೇ ಸ್ಥಿತಿ ಚಿನ್ನಸ್ವಾಮಿಯಲ್ಲಿ, ನಾವು ತಲೆಯ ಮೇಲೆ ಹೊತ್ತು ಮೆರೆಸಿದ ಆಟಗಾರನಿಗೂ ಬರಬಹುದು. ಆಗ ನೀವು ಟಿಕೆಟ್ ಕೊಂಡು ಒಳಗೆ ಕೂತಿರುತ್ತೀರಿ. ಪಂದ್ಯವಿಡೀ ಡಗೌಟಿನಲ್ಲಿ ಪ್ಯಾಡ್ ಕಟ್ಟಿ ಕೂತ ಹುಡುಗನ ಹೆಸರು ತಿಳಿದುಕೊಳ್ಳಿ, ಅವನನ್ನು ಕಳಿಸಿ ಎಂದು ಗಟ್ಟಿಯಾಗಿ ಕೂಗಿ.